ಸಾರ್ವಜನಿಕ ಸ್ಥಳವೂ ಒಂದು ಅಮಾನತ್

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಇಲೆಕ್ಟ್ರಾನಿಕ್ ಸಿಟಿಗಳಲ್ಲಿ ಹಬ್ಬಗಳು ಒಂದರ ಬೆನ್ನಿಗೊಂದು ಬರುತ್ತವೆ. ಗಣೇಶ ಚತುರ್ಥಿಗೆ ಅಡ್ಡರಸ್ತೆಯಲ್ಲಿ ಪೆಂಡಾಲ್ ಏಳುತ್ತದೆ. ಆಯುಧಪೂಜೆಯ ದಿನ ಕಾರ್ಖಾನೆಯ ಲೇಥಿನಿಂದ ಹಿಡಿದು ಸರಕಾರಿ ಬಸ್ಸಿನ ತನಕ ಹೂವು, ಬಾಳೆಕಂದು, ಕುಂಬಳಕಾಯಿ. ಮೀಲಾದ್ ಬಂತೆಂದರೆ ವೃತ್ತದಲ್ಲಿ ಹಸಿರು ಕಮಾನು. ಡಿಸೆಂಬರಿನಲ್ಲಿ ನಕ್ಷತ್ರದ ದೀಪ ಮತ್ತು ಗೋದಲಿ. ರಸ್ತೆ ಒಂದೇ, ಅದು ತಮ್ಮದೆನ್ನುವವರು ಹಲವರು.

ಇಂತಹ ದಿನಗಳಲ್ಲಿ ನಮ್ಮ ಯುವಕರು ಒಂದು ಪ್ರಶ್ನೆ ಕೇಳುತ್ತಾರೆ: "ಅವರ ಹಬ್ಬಕ್ಕೆ ಸರಕಾರಿ ಜಾಗ ಸಿಗುತ್ತದೆ. ನಮ್ಮ ಹಬ್ಬಕ್ಕೂ ಅಷ್ಟೇ ದೊಡ್ಡ ಕಮಾನು, ಅಷ್ಟೇ ದೀಪ ಹಾಕಿದರೆ ತಪ್ಪೇನು?" ನೆರೆಯ ಮುಸ್ಲಿಮೇತರ ಸಹೋದರರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಈದ್ಗಾಹ್ ಮೈದಾನದಲ್ಲಿ ಬೇರೆಯವರ ಹಬ್ಬ ಬೇಡವೆನ್ನುವ ನೀವು ಶುಕ್ರವಾರ ರಸ್ತೆಗೆ ಚಾಪೆ ಹಾಸುವುದು ಸರಿಯೇ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವೆರಡಕ್ಕೂ ನಾವು ಒಂದೇ ತಕ್ಕಡಿಯಲ್ಲಿ ತೂಗಿ ಉತ್ತರಿಸಬೇಕಾಗಿದೆ. ಒಂದು ಜನಾಂಗದ ಮೇಲಿನ ದ್ವೇಷವು ನಮ್ಮನ್ನು ನ್ಯಾಯದಿಂದ ಸರಿಸಬಾರದು, ನ್ಯಾಯವೇ ತಖ್ವಾಕ್ಕೆ ಹತ್ತಿರವಾದುದು ಎಂದು ಅಲ್ಲಾಹನು ಸೂರಃ ಅಲ್ ಮಾಇದಃದ 8ನೇ ಸೂಕ್ತದಲ್ಲಿ ಆದೇಶಿಸಿದ್ದಾನೆ. ಈ ಲೇಖನದ ಬುನಾದಿ ಅದುವೇ.

ದಾರಿಯ ಹಕ್ಕು

ಇಸ್ಲಾಮಿನಲ್ಲಿ ದಾರಿಗೆ ಹಕ್ಕು ಇದೆ. ದಾರಿಬದಿಯಲ್ಲಿ ಕುಳಿತುಕೊಳ್ಳದೆ ವಿಧಿಯಿಲ್ಲವೆಂದು ಸಹಾಬಿಗಳು ಹೇಳಿದಾಗ, ಹಾಗಾದರೆ ದಾರಿಯ ಹಕ್ಕನ್ನು ಸಲ್ಲಿಸಿರೆಂದು ಪ್ರವಾದಿವರ್ಯರು(ಸ) ಅಪ್ಪಣೆ ಕೊಟ್ಟರು. ದೃಷ್ಟಿಯನ್ನು ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು ಆ ಹಕ್ಕಿನಲ್ಲಿ ಸೇರಿವೆ. ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್. ದಾರಿಯಲ್ಲಿ ಬಿದ್ದಿರುವ ಕಂಟಕವನ್ನು ಎತ್ತಿಹಾಕುವುದು ಈಮಾನಿನ ಶಾಖೆಗಳಲ್ಲೊಂದು ಎಂಬ ಹದೀಸ್ ಮಕ್ಕಳಿಗೂ ಬಾಯಿಪಾಠವಾಗಿದೆ.

ಅಬೂದಾವೂದ್‌ನಲ್ಲಿ ವರದಿಯಾದ ಒಂದು ಘಟನೆಯನ್ನು ಮಾತ್ರ ನಾವು ಅಷ್ಟಾಗಿ ಕೇಳುವುದಿಲ್ಲ. ಒಂದು ದಂಡಯಾತ್ರೆಯಲ್ಲಿ ಜನರು ಬೀಡುಬಿಟ್ಟ ಸ್ಥಳದಲ್ಲಿ ಇಕ್ಕಟ್ಟು ಮಾಡಿ ದಾರಿಯನ್ನು ಮುಚ್ಚಿಬಿಟ್ಟರು. ಆಗ ಪ್ರವಾದಿವರ್ಯರು(ಸ) ಒಬ್ಬರನ್ನು ಕಳುಹಿಸಿ, ಹಾಗೆ ಇಕ್ಕಟ್ಟು ಮಾಡಿದವನಿಗೂ ದಾರಿ ತಡೆದವನಿಗೂ ಜಿಹಾದಿನ ಪುಣ್ಯವಿಲ್ಲವೆಂದು ಸಾರಿಸಿದರು. ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವರು ಹೊರಟಿದ್ದುದು ಅಲ್ಲಾಹನ ಮಾರ್ಗದಲ್ಲಿ. ಆದರೂ ದಾರಿ ತಡೆದುದರಿಂದ ಆ ಕರ್ಮದ ಪುಣ್ಯವೇ ಕೈತಪ್ಪುವುದಾದರೆ, ಕಮಾನು ಮತ್ತು ಮೆರವಣಿಗೆಯ ಮಾತೇನು? ದಾರಿಯ ಮೇಲೆ ನಮಾಝ್ ಮಾಡುವುದನ್ನು ಹನಫೀ ಮತ್ತು ಶಾಫಿಈ ಫಿಕ್ಹ್ ಗ್ರಂಥಗಳು ಮಕ್ರೂಹ್ ಎಂದಿರುವುದು ಕೂಡ, ಅದರಿಂದ ನಡೆಯುವವರ ಹಕ್ಕಿಗೆ ಅಡ್ಡಿಯಾಗುತ್ತದೆ ಎಂಬ ಕಾರಣಕ್ಕೆ.

ಜಾಗದ ವಿಷಯವಂತೂ ಇನ್ನೂ ಗಂಭೀರ. ಅನ್ಯಾಯವಾಗಿ ಒಂದು ಗೇಣು ನೆಲವನ್ನು ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಹೊರೆ ಬೀಳುವುದೆಂದು ಹದೀಸ್ ಎಚ್ಚರಿಸಿದೆ. ಮದೀನದಲ್ಲಿ ಪ್ರವಾದಿವರ್ಯರ(ಸ) ಮಸೀದಿಗೆ ಆರಿಸಿದ ನೆಲವು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದು. ಅವರು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿವರ್ಯರು(ಸ) ಒಪ್ಪದೆ, ಕ್ರಯಕ್ಕೇ ಪಡೆದರು. ಲೋಕದ ಅತಿ ಶ್ರೇಷ್ಠ ಮಸೀದಿಗಳಲ್ಲೊಂದರ ಅಡಿಪಾಯ ಹೀಗೆ ಶುದ್ಧವಾದ ನೆಲದ ಮೇಲೆ ಬಿತ್ತು.

ಹ. ಉಮರ್(ರ) ಅವರ ಕಾಲದಲ್ಲಿ ಜೆರುಸಲೇಮ್ ಮುಸ್ಲಿಮರ ವಶವಾದಾಗ ನಡೆದುದನ್ನು ಇತಿಹಾಸಕಾರರು ಹೇಳುತ್ತಾರೆ. ನಮಾಝಿನ ಹೊತ್ತಿಗೆ ಅವರು ಅಲ್ಲಿನ ಪ್ರಸಿದ್ಧ ಇಗರ್ಜಿಯಲ್ಲಿದ್ದರು. ಅಲ್ಲಿಯೇ ನಮಾಝ್ ಮಾಡಬಹುದೆಂದು ಧರ್ಮಾಧ್ಯಕ್ಷರು ಹೇಳಿದರೂ ಅವರು ಹೊರಗೆ ಬಂದು ಮಾಡಿದರು. ಖಲೀಫರು ಇಲ್ಲಿ ನಮಾಝ್ ಮಾಡಿದ್ದರೆಂಬ ನೆಪದಿಂದ ಮುಂದೆ ಯಾರೂ ಆ ಇಗರ್ಜಿಯನ್ನು ಕಸಿಯಬಾರದೆಂಬುದು ಅವರ ಮುಂದಾಲೋಚನೆ. ಒಂದು ದಿನದ ಆಚರಣೆಯು ನಾಳೆ ಹಕ್ಕುಸಾಧನೆಗೆ ದಾರಿಯಾಗುತ್ತದೆ ಎಂಬುದನ್ನು ಅವರು ಅಂದೇ ಕಂಡಿದ್ದರು.

ಸಂವಿಧಾನ ಏನನ್ನುತ್ತದೆ?

ನಮ್ಮ ಸಂವಿಧಾನದ 25ನೇ ವಿಧಿಯು ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಜೊತೆಗೆ ಸಾರ್ವಜನಿಕ ಶಿಸ್ತು, ನೈತಿಕತೆ, ಆರೋಗ್ಯಗಳ ಮಿತಿಯನ್ನೂ ಹಾಕಿದೆ. ಒಂದು ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತ ಮಾಡಬಾರದೆಂದು 27ನೇ ವಿಧಿ ಹೇಳುತ್ತದೆ. ಪೂರ್ಣ ಸರಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು 28ನೇ ವಿಧಿ. ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು 1989ರಲ್ಲಿ ವಜಾ ಮಾಡಿದುದರಿಂದ ಹುಟ್ಟಿದ ಮೊಕದ್ದಮೆಯಲ್ಲಿ, 1994ರಲ್ಲಿ ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಜಾತ್ಯತೀತತೆಯನ್ನು ಸಂವಿಧಾನದ ಮೂಲರಚನೆಯ ಭಾಗವೆಂದು ಸಾರಿತು. ಪ್ರಜೆಗೆ ಧರ್ಮವಿದೆ, ಪ್ರಭುತ್ವಕ್ಕೆ ತನ್ನದೆಂಬ ಧರ್ಮವಿಲ್ಲ ಎಂಬುದು ಇದರ ಸಾರ.

ಇದು ನಮಗೂ ಅನ್ವಯಿಸಿದ್ದುಂಟು. ಹಜ್ ಯಾತ್ರೆಗೆ ಸರಕಾರ ಕೊಡುತ್ತಿದ್ದ ಸಬ್ಸಿಡಿಯನ್ನು ಹತ್ತು ವರ್ಷಗಳೊಳಗೆ ನಿಲ್ಲಿಸುವಂತೆ 2012ರಲ್ಲಿ ಸುಪ್ರೀಮ್ ಕೋರ್ಟ್ ಆದೇಶಿಸಿತು. 2018ರಲ್ಲಿ ಅದು ನಿಂತುಹೋಯಿತು. ಸಾಮರ್ಥ್ಯವುಳ್ಳವನ ಮೇಲೆ ಮಾತ್ರ ಹಜ್ ಕಡ್ಡಾಯವೆಂದು ಕುರ್‌ಆನ್ ಹೇಳಿರುವಾಗ, ಇದರಿಂದ ನಮ್ಮ ದೀನಿಗೆ ನಷ್ಟವೇನೂ ಆಗಲಿಲ್ಲ. ರಸ್ತೆ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಮಂದಿರ, ಮಸೀದಿ, ಚರ್ಚ್, ಗುರುದ್ವಾರ ಯಾವುದರ ಹೆಸರಿನಲ್ಲೂ ಹೊಸದಾಗಿ ಅನಧಿಕೃತ ಕಟ್ಟಡ ಏಳಬಾರದೆಂದು ಅದೇ ನ್ಯಾಯಾಲಯ 2009ರಲ್ಲಿ ಆದೇಶಿಸಿದೆ.

ಎರಡು ಮೈದಾನಗಳ ಪಾಠ

2022ರ ಗಣೇಶ ಚತುರ್ಥಿಯ ಮುನ್ನಾದಿನ ಕರ್ನಾಟಕದ ಎರಡು ಈದ್ಗಾಹ್ ಮೈದಾನಗಳ ವಿವಾದ ನ್ಯಾಯಾಲಯದಲ್ಲಿತ್ತು. ಬೆಂಗಳೂರಿನ ಚಾಮರಾಜಪೇಟೆಯ ಮೈದಾನವನ್ನು ವಕ್ಫ್ ಮಂಡಳಿ ತನ್ನದೆನ್ನುತ್ತಿತ್ತು. ಅದು ಕಂದಾಯ ಇಲಾಖೆಗೆ ಸೇರಿದ್ದೆಂದು ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅಧಿಕಾರಿ ಆ ತಿಂಗಳಷ್ಟೇ ತೀರ್ಮಾನಿಸಿದ್ದರು. ಆಗಸ್ಟ್ 30ರಂದು ಸುಪ್ರೀಮ್ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠವು ಯಥಾಸ್ಥಿತಿಯನ್ನು ಕಾಯ್ದುಕೊಳ್ಳಲು ಆದೇಶಿಸಿತು. ಅಲ್ಲಿ ಗಣೇಶೋತ್ಸವ ನಡೆಯಲಿಲ್ಲ.

ಅದೇ ದಿನ ರಾತ್ರಿ ಹೈಕೋರ್ಟಿನ ಧಾರವಾಡ ಪೀಠವು ಹುಬ್ಬಳ್ಳಿಯ ಮೈದಾನದಲ್ಲಿ ಗಣೇಶೋತ್ಸವಕ್ಕೆ ಪಾಲಿಕೆ ಕೊಟ್ಟ ಅನುಮತಿಯನ್ನು ಎತ್ತಿಹಿಡಿಯಿತು. ಕಾರಣ, ಹುಬ್ಬಳ್ಳಿಯ ನೆಲ ಪಾಲಿಕೆಯದು, ಅಂಜುಮನ್ ಸಂಸ್ಥೆಗೆ ಇರುವುದು ವರ್ಷದಲ್ಲಿ ಎರಡು ಈದ್‌ಗಳಂದು ನಮಾಝ್ ಮಾಡುವ ಹಕ್ಕು ಮಾತ್ರ ಎಂಬುದು ಹಿಂದೆಯೇ ಇತ್ಯರ್ಥವಾಗಿತ್ತು. 2010ರಲ್ಲಿ ಸುಪ್ರೀಮ್ ಕೋರ್ಟಿನಲ್ಲೂ ಅದು ಉಳಿದಿತ್ತು. 1994ರ ಸ್ವಾತಂತ್ರ್ಯ ದಿನದಂದು ಇದೇ ಮೈದಾನದ ಧ್ವಜ ವಿವಾದದಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದುದನ್ನು ಹಿರಿಯರು ಮರೆತಿಲ್ಲ.

ಒಂದೇ ದಿನದ ಈ ಎರಡು ಆದೇಶಗಳನ್ನು ಸೋಲು ಗೆಲುವೆಂದು ಎಣಿಸಿದವರೇ ಹೆಚ್ಚು. ನಾವು ಕಲಿಯಬೇಕಾದ ಪಾಠ ಬೇರೆಯೇ ಇದೆ. ನಮ್ಮದೆಂದು ದಾಖಲೆ ಹೇಳುವ ಜಾಗವನ್ನು ಕಾನೂನಿನ ಮೂಲಕ ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಎರಡೇ ದಿನದ ಹಕ್ಕು ಇರುವಲ್ಲಿ ಉಳಿದ ದಿನಗಳೂ ನಮ್ಮವೇ ಎನ್ನುವಂತಿಲ್ಲ. ಹಾಗೆಯೇ, ಎಲ್ಲರ ಪರವಾಗಿ ನೆಲದ ಒಡೆಯನಾಗಿರುವ ಪಾಲಿಕೆಯು ಎಲ್ಲರ ಅರ್ಜಿಯನ್ನೂ ಒಂದೇ ನಿಯಮದಿಂದ ನೋಡಬೇಕೆಂದು ಕೇಳುವ ಹಕ್ಕು ನಮಗಿದೆ. ಒಬ್ಬರನ್ನು ಕೆಣಕುವುದಕ್ಕೆಂದು ಇನ್ನೊಬ್ಬರಿಗೆ ಅನುಮತಿ ಕೊಟ್ಟರೆ ಅದು ಅಮಾನತ್ತಿನಲ್ಲಿ ಖಿಯಾನತ್.

ಗೋದಲಿಯ ಮೊಕದ್ದಮೆ

ಅಮೆರಿಕದ ಸಂವಿಧಾನದಲ್ಲಿ ಸರಕಾರವು ಯಾವ ಧರ್ಮವನ್ನೂ ಸ್ಥಾಪಿಸಬಾರದೆಂಬ ಕಟ್ಟಳೆಯಿದೆ. ಆದರೂ ಅಲ್ಲಿ ಪಾಟಕೆಟ್ ಎಂಬ ನಗರದ ಆಡಳಿತವು ಕ್ರಿಸ್‌ಮಸ್‌ಗೆ ಗೋದಲಿಯನ್ನಿಟ್ಟುದು ವಿವಾದವಾಯಿತು. 1984ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ಒಪ್ಪಿತು. ಸಾಂತಾಕ್ಲಾಸ್, ಹಿಮಸಾರಂಗದಂತಹ ಬೊಂಬೆಗಳ ನಡುವೆ ಅದೂ ಒಂದು ಹಬ್ಬದ ಅಲಂಕಾರವಾಗಿತ್ತು ಎಂಬುದು ಒಂದು ಮುಖ್ಯ ಕಾರಣ. 1989ರಲ್ಲಿ ಇನ್ನೊಂದು ಊರಿನ ನ್ಯಾಯಾಲಯ ಕಟ್ಟಡದ ಮೆಟ್ಟಿಲ ಬಳಿ ಒಂಟಿಯಾಗಿ ಇಟ್ಟ ಗೋದಲಿ ಸಲ್ಲದೆಂದು ತೀರ್ಪಾಯಿತು. ಅಂದರೆ, ದೈವಭಕ್ತಿಯ ವಸ್ತುವಾಗಿ ಕಂಡರೆ ಅದಕ್ಕೆ ಅಲ್ಲಿ ಎಡೆಯಿಲ್ಲ. ಬೊಂಬೆಗಳ ಗುಂಪಿನಲ್ಲಿ ಕರಗಿದರೆ ಎಡೆಯುಂಟು!

ಯುವಕರ ಮೊದಲ ಪ್ರಶ್ನೆಗೆ ಇದರಲ್ಲೇ ಉತ್ತರವಿದೆ. ಸರಕಾರಿ ಕಟ್ಟಡದ ಮೇಲೆ ಚಂದ್ರ ನಕ್ಷತ್ರದ ದೀಪ ಉರಿದರೆ ಈದ್‌ಗೆ ಗೌರವ ಹೆಚ್ಚುವುದಿಲ್ಲ. ಅದು ಅಂಗಡಿಯ ಅಲಂಕಾರದ ಮಟ್ಟಕ್ಕೆ ಇಳಿಯುತ್ತದೆ ಅಷ್ಟೇ. ಪ್ರವಾದಿವರ್ಯರು(ಸ) ನಮಗೆ ಕಲಿಸಿದ ಈದ್‌ನಲ್ಲಿ ತಕ್ಬೀರ್ ಇದೆ, ಬಡವನ ಮನೆಗೆ ಮುಟ್ಟುವ ಫಿತ್ರ್ ಝಕಾತ್ ಇದೆ, ಊರಾಚೆಯ ಬಯಲಿನಲ್ಲಿ ಸಾಮೂಹಿಕ ನಮಾಝ್ ಇದೆ. ಪ್ರದರ್ಶನದ ಪೈಪೋಟಿ ಎಲ್ಲಿಯೂ ಇಲ್ಲ.

ನಾವೇನು ಮಾಡಬೇಕು?

ಕೈಗಾರಿಕಾ ಪ್ರದೇಶಗಳಲ್ಲಿ ಮಸೀದಿಗಳು ಕಡಿಮೆ, ದುಡಿಯುವವರು ಬಹಳ ಎಂಬುದು ನಿಜ. ಉತ್ತರ ಕರ್ನಾಟಕ, ಬಿಹಾರ, ಬಂಗಾಳ, ಅಸ್ಸಾಮ್‌ಗಳಿಂದ ಬಂದ ಕಾರ್ಮಿಕರಿಗೆ ಜುಮುಅಃಕ್ಕೆ ದೊರೆಯುವುದು ಊಟದ ಬಿಡುವು ಮಾತ್ರ. ಈ ಕಷ್ಟವನ್ನು ಅಲ್ಲಗಳೆಯಲಾಗದು. ದೆಹಲಿ ಬಳಿಯ ಗುರುಗ್ರಾಮದಲ್ಲೂ ಇದೇ ಕಷ್ಟವಿತ್ತು. 2018ರಲ್ಲಿ ಬಯಲು ಜುಮುಅಃಕ್ಕೆ 37 ಸ್ಥಳಗಳನ್ನು ಗುರುತಿಸಲಾಯಿತು. 2021ರ ನವೆಂಬರಿನಲ್ಲಿ ಅವುಗಳಲ್ಲಿ ಎಂಟರ ಅನುಮತಿ ರದ್ದಾಯಿತು. ಬಾಯಿಮಾತಿನ ಒಪ್ಪಿಗೆಯ ಮೇಲೆ ಇಬಾದತ್ತನ್ನು ನಿಲ್ಲಿಸಿದರೆ ಗತಿ ಏನೆಂದು ಇದು ತೋರಿಸುತ್ತದೆ. ಆದುದರಿಂದ:

1. ಜುಮುಅಃ ರಸ್ತೆಗೆ ಹರಿಯುವಲ್ಲಿ ಜಮಾಅತ್‌ನವರು ಉಲಮಾಗಳನ್ನು ಕೇಳಿ ಎರಡು ಹೊತ್ತಿನ ವ್ಯವಸ್ಥೆ ಮಾಡಲಿ. ಮಹಡಿ, ಖಾಸಗಿ ಸಭಾಂಗಣ, ಶೆಡ್ಡುಗಳನ್ನು ಬಾಡಿಗೆಗೆ ಹಿಡಿಯಲಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಲ್ಲಿ ನಾಗರಿಕ ಸೌಲಭ್ಯದ ನಿವೇಶನಗಳ ಉದ್ದೇಶಗಳಲ್ಲಿ ಧಾರ್ಮಿಕ ಚಟುವಟಿಕೆಯೂ ಸೇರಿದೆ. ಸಿ.ಎ. ಸೈಟಿಗೆ ಕ್ರಮಬದ್ಧವಾಗಿ ಅರ್ಜಿ ಹಾಕುವುದು ಸುನ್ನತ್ತಿನ ದಾರಿಗೆ ಹತ್ತಿರ.

2. ಮೀಲಾದ್ ಇರಲಿ, ಬೇರೆ ಸಭೆ ಇರಲಿ, ಪಾಲಿಕೆ ಮತ್ತು ಪೊಲೀಸರ ಲಿಖಿತ ಅನುಮತಿಯಿಲ್ಲದೆ ಕಂಬ ನೆಡಬಾರದು. ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಡಬೇಕು. ಮುಗಿದ ಮರುದಿನವೇ ಕಮಾನು ಇಳಿಸಿ, ಅಗೆದ ಗುಂಡಿ ಮುಚ್ಚಬೇಕು.

3. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. 2022ರ ಮೇ ತಿಂಗಳಲ್ಲಿ ರಾಜ್ಯದ ಉಲಮಾಗಳು ಈ ಹೊತ್ತಿನಲ್ಲಿ ಮೈಕು ಬಳಸದಿರಲು ಒಪ್ಪಿ ಒಳ್ಳೆಯ ಮಾದರಿ ಹಾಕಿಕೊಟ್ಟರು. ಮಸೀದಿಯೊಳಗೇ ಒಬ್ಬರ ಕಿರಾಅತ್ ಇನ್ನೊಬ್ಬರಿಗೆ ತೊಂದರೆಯಾಗದಿರಲೆಂದು ಪ್ರವಾದಿವರ್ಯರು(ಸ) ಬಯಸಿದ್ದರೆಂಬುದನ್ನು ನೆನೆಯಿರಿ.

4. ಕಾರ್ಖಾನೆಯ ಆಯುಧಪೂಜೆಯಲ್ಲಿ ನಾವು ಪೂಜೆಗೆ ಕೈಜೋಡಿಸಲಾರೆವು. ಅದನ್ನು ಸೌಜನ್ಯದಿಂದ ಹೇಳಿದರೆ ಸಾಕು. ಯಂತ್ರವನ್ನು ಒರೆಸಿ ಅಣಿಮಾಡುವುದರಲ್ಲಿ, ಜೊತೆಗಾರನ ಕ್ಷೇಮ ವಿಚಾರಿಸುವುದರಲ್ಲಿ ಹಿಂದೆ ಬೀಳಬಾರದು. ಅನ್ಯರು ಪೂಜಿಸುವವುಗಳನ್ನು ಬಯ್ಯಬಾರದೆಂಬ ಆದೇಶ ಸೂರಃ ಅಲ್ ಅನ್‌ಆಮ್‌ನ 108ನೇ ಸೂಕ್ತದಲ್ಲಿದೆ.

5. ಸರಕಾರಿ ಜಾಗದಲ್ಲಿ ಅನ್ಯಾಯ ಕಂಡರೆ ಅರ್ಜಿ, ಮನವಿ, ನ್ಯಾಯಾಲಯ ಇವೇ ನಮ್ಮ ದಾರಿ. ಆದರೆ ಅರ್ಜಿಗೆ ಸಹಿ ಹಾಕುವ ಮೊದಲು, ಇದೇ ನಿಯಮವನ್ನು ನಮ್ಮ ಕಮಾನಿಗೂ ಅನ್ವಯಿಸಲು ಒಪ್ಪುತ್ತೇವೆಯೇ ಎಂದು ಕೇಳಿಕೊಳ್ಳಬೇಕು. ಒಪ್ಪದಿದ್ದರೆ ಅದು ನ್ಯಾಯದ ಬೇಡಿಕೆಯಾಗದು, ಬರೀ ಪಕ್ಷಪಾತವಾದೀತು. ತಮಗೇ ಪ್ರತಿಕೂಲವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂದು ಸೂರಃ ಅನ್ನಿಸಾದ 135ನೇ ಸೂಕ್ತವು ಸತ್ಯವಿಶ್ವಾಸಿಗಳಿಗೆ ವಿಧಿಸಿದೆ.

ರಸ್ತೆ, ಮೈದಾನ, ಸರಕಾರಿ ಕಚೇರಿ ಇವು ಹಿಂದೂ, ಮುಸ್ಲಿಮ್, ಕ್ರೈಸ್ತ ಎಲ್ಲರ ತೆರಿಗೆಯಿಂದ ಆದವು. ಅವು ನಮ್ಮ ಕೈಯಲ್ಲಿರುವ ಅಮಾನತ್. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ನಮ್ಮ ನಮಾಝಿನ ಲೆಕ್ಕದ ಜೊತೆಗೆ, ನಮ್ಮಿಂದ ದಾರಿ ತಪ್ಪಿಸಿಕೊಂಡ ಹೆರಿಗೆ ನೋವಿನ ಹೆಣ್ಣುಮಗಳ, ಶಿಫ್ಟಿಗೆ ತಡವಾಗಿ ಕೂಲಿ ಕಳೆದುಕೊಂಡ ಕಾರ್ಮಿಕನ ಹಕ್ಕಿನ ಲೆಕ್ಕವೂ ಇರುತ್ತದೆ. ಜನರ ಹಕ್ಕನ್ನು ಜನರೇ ಕ್ಷಮಿಸಬೇಕಲ್ಲವೇ? ನ್ಯಾಯವನ್ನು ತಮ್ಮಿಂದಲೇ ಆರಂಭಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.