ಎಲೆ ನೋಡಿ ಅಂಕ ಕೊಡಬೇಡ

ಪುಟ್ಟಿ, ಯಾವ ಭತ್ತದ ತಳಿ ಓಜೋನಿನ ಹೊಡೆತ ತಾಳಿಕೊಳ್ಳುತ್ತದೆ ಎಂದು ನೋಡುವ ಕೆಲಸಕ್ಕೆ ಇಳಿದಿದ್ದೀಯಂತೆ. ‘ಮೂಡಿಗೆರೆ ಗುಡ್ಡದಲ್ಲಿ ಎಲ್ಲಿಯ ಹೊಗೆ ಮಾರಾಯ್ರೆ’ ಅಂತ ನಿಮ್ಮಪ್ಪ ನಕ್ಕರು. ನಗುವ ಮಾತಲ್ಲ. ಓಜೋನ್ ಯಾವ ಚಿಮಣಿಯಿಂದಲೂ ನೇರವಾಗಿ ಬರುವುದಿಲ್ಲ. ಲಾರಿ, ಕಾರುಗಳ ಹೊಗೆ ಬಿಸಿಲಲ್ಲಿ ಬೆಂದು ಗಾಳಿಯಲ್ಲೇ ಆಗುತ್ತದೆ. ಪೇಟೆಯಲ್ಲಿ ರಾತ್ರಿ ಅಲ್ಲಿಯ ಹೊಸ ಹೊಗೆಯೇ ಅದನ್ನು ತಿಂದು ಹಾಕುತ್ತದೆ. ತೇಲಿಕೊಂಡು ಗುಡ್ಡಕ್ಕೆ ಬಂದದ್ದನ್ನು ತಿನ್ನಲು ಇಲ್ಲಿ ಅಷ್ಟು ಹೊಗೆ ಇಲ್ಲ. ಆದರೆ ಮಳೆಗಾಲದಲ್ಲಿ ಓಜೋನ್ ತಗ್ಗಿರುತ್ತದೆ. ನೆಟ್ಟಿಯ ಹೊತ್ತಲ್ಲಿ ಮೀಟರ್ ಹಿಡಿದು ಕೂತರೆ ಮೈ ಒದ್ದೆಯಾದೀತು, ಅಷ್ಟೇ. ಅಕ್ಟೋಬರಿನಲ್ಲಿ ಮೋಡ ಸರಿದು, ಭತ್ತ ಹೊಡೆ ಹಾಯುತ್ತದಲ್ಲ, ಆಗಿನ ಮಧ್ಯಾಹ್ನದ ಗಾಳಿಯ ಲೆಕ್ಕ ಇಟ್ಟುಕೋ.

ನನಗೆ ಹೆದರಿಕೆ ಇರುವುದು ನೀನು ಎಲೆ ನೋಡಿ ಮೋಸ ಹೋದೀಯ ಎಂದು. ಬೆಂಕಿ ರೋಗಕ್ಕೆ ತಳಿ ಪರೀಕ್ಷೆ ಮಾಡುವವರು ರೋಗಕ್ಕೆ ಬೇಗ ಬೀಳುವ ಭತ್ತವನ್ನು ಸುತ್ತ ಬಿತ್ತಿ, ನಡುವಿನ ಸಾಲುಗಳ ಎಲೆ ನೋಡಿ 0ಯಿಂದ 9ರವರೆಗೆ ಅಂಕ ಹಾಕುತ್ತಾರೆ. ಆ ರೋಗಕ್ಕೆ ಅದು ಸರಿ. ಓಜೋನ್ ಹಾಗಲ್ಲ. ಎಲೆಯ ರಂಧ್ರದಿಂದ ಒಳಹೊಕ್ಕರೆ ಕೆಲವು ತಳಿ ಕಂದು ಚುಕ್ಕಿ ತೋರಿಸಿ ಗೋಳಾಡುತ್ತವೆ, ಕೆಲವು ಹಸಿರಾಗೇ ನಿಂತು ಕಾಳು ಮಾತ್ರ ಸರಿಯಾಗಿ ಕಟ್ಟುವುದಿಲ್ಲ. ಜಪಾನಿನಲ್ಲಿ 20 ತಳಿ ಇಟ್ಟು ನೋಡಿ 2009ರಲ್ಲಿ ಪ್ರಕಟಿಸಿದರು: ಎಲೆಯ ಗಾಯಕ್ಕೂ ಇಳುವರಿಯ ನಷ್ಟಕ್ಕೂ ತಾಳೆಯೇ ಇಲ್ಲ.

ಚುಕ್ಕಿ ಕಂಡರೂ ಅದು ಓಜೋನಿನದೇ ಎಂದು ಹಾರಬೇಡ. ಒಂದು ವರ್ಷ ನಮ್ಮ ಬೈಲಿನ ತಳಗದ್ದೆಯಲ್ಲಿ ಇಂಟಾನ್ ಭತ್ತದ ಎಲೆ ತುದಿಯಿಂದ ತಾಮ್ರದ ಬಣ್ಣಕ್ಕೆ ತಿರುಗಿತು. ರೋಗವೆಂದು ಎರಡು ಸಲ ಔಷಧಿ ಹೊಡೆಸಿದೆ, ದುಡ್ಡು ದಂಡ. ಒಂದು ಬೆಳಿಗ್ಗೆ ಅಂಚಿನ ಮೇಲೆ ಕೂತು ನೋಡಿದರೆ, ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಪದರ, ಕೆಳಗೆ ತುಕ್ಕಿನ ಕೆಸರು. ಬುಡ ಕಿತ್ತು ತೊಳೆದೆ. ಬೇರು ಮೊಂಡಾಗಿ ತುಕ್ಕಿನ ಲೇಪ ಹತ್ತಿತ್ತು. ಗುಡ್ಡದಿಂದ ಜಿನುಗುವ ಕಬ್ಬಿಣದ ನೀರಿನ ಕೆಲಸ ಅದು. ನೀರು ಬಸಿದು ಗದ್ದೆ ಆರಿಸಿದ ಮೇಲೆ ಹೊಸ ಎಲೆ ಹಸಿರಾಗಿ ಬಂತು. ಕಬ್ಬಿಣ ಹೆಚ್ಚಾದರೂ ಸತು ಕಡಿಮೆಯಾದರೂ ಓಜೋನ್ ತಾಗಿದರೂ ಎಲೆ ಕಂಚಿನ ಬಣ್ಣಕ್ಕೇ ಹೋಗುತ್ತದೆ. ಹಾಗಾಗಿ ಜವುಗಿನಲ್ಲಿ ಪ್ರಯೋಗ ಹಾಕಬೇಡ, ಬೇರು ತೊಳೆದು ನೋಡದೆ ಪುಸ್ತಕದಲ್ಲಿ ಏನೂ ಬರೆಯಬೇಡ.

ಮತ್ತೊಂದು. ತುಂಗಾ ತಳಿ ಹೇಮಾವತಿ ತಳಿಗಿಂತ ಹೆಚ್ಚು ಬೆಳೆಯಿತು ಎಂದರೆ ತುಂಗಾ ಓಜೋನ್ ತಾಳಿತು ಎಂದಾಗುವುದಿಲ್ಲ. ತಳಿಯನ್ನು ಅದೇ ತಳಿಯ ಜೊತೆ ತೂಗಬೇಕು: ಒಳ್ಳೆಯ ಗಾಳಿಯಲ್ಲಿ ಎಷ್ಟು ಕೊಟ್ಟಿತು, ಕೆಟ್ಟ ಗಾಳಿಯಲ್ಲಿ ಎಷ್ಟು ಉಳಿಸಿಕೊಂಡಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ತಲೆ ತೆರೆದ ಗೂಡು ಕಟ್ಟಿ, ಒಂದಕ್ಕೆ ಇದ್ದಿಲಿನಲ್ಲಿ ಸೋಸಿದ ಗಾಳಿ, ಇನ್ನೊಂದಕ್ಕೆ ಇದ್ದ ಗಾಳಿ ಊದುತ್ತಾರೆ. ಅದಕ್ಕೆ ಹಗಲಿಡೀ ಕರೆಂಟ್ ಬೇಕು. ನಮ್ಮ ಕಡೆಯ ಕರೆಂಟ್ ನಿನಗೇ ಗೊತ್ತು. ಅದರ ಬದಲು ಎಥಿಲೀನ್ ಡೈಯೂರಿಯಾ ಎಂಬ ದ್ರಾವಣವಿದೆ, ಗಿಡವನ್ನು ಓಜೋನಿನಿಂದ ಕಾಯುತ್ತದೆ. ಪ್ರತಿ ತಳಿಯ ಒಂದು ಮಡಿಗೆ ಅದನ್ನು ಕೊಡು, ಪಕ್ಕದ ಮಡಿಗೆ ಬರೀ ನೀರು. ಗೊಬ್ಬರ, ನೀರು, ನೆಟ್ಟ ದಿನ ಎಲ್ಲ ಒಂದೇ ಇರಲಿ.

ಹೂ ಬಿಟ್ಟ ದಿನವನ್ನು ತಳಿವಾರು ಬರೆದಿಡು. ಇಂಟಾನ್ ಐದು ತಿಂಗಳಿಗೂ ಮೇಲೆ ಎಳೆಯುವ ಭತ್ತ. ಬೇಗ ತೆನೆ ಬರುವ ತಳಿ ಮೋಡದ ಮರೆಯಲ್ಲಿ ಹೂ ಬಿಟ್ಟು ಪಾರಾದರೆ, ತಪ್ಪಿಸಿಕೊಂಡದ್ದನ್ನು ತಾಳಿಕೊಂಡದ್ದು ಎಂದು ಬರೆದೀಯ.

ಕೊಯ್ಲಿನ ದಿನ ಆಳುಗಳು ಅವಸರದಲ್ಲಿ ತೂರಿಬಿಡುತ್ತಾರೆ. ತೂರುವ ಮೊದಲೇ ಪ್ರತಿ ಮಡಿಯಿಂದ ಕೆಲವು ತೆನೆ ಬೇರೆ ಚೀಲಕ್ಕೆ ಹಾಕು. ನಿನಗೆ ಬೇಕಾದದ್ದು ಗಟ್ಟಿ ಕಾಳಿನಷ್ಟೇ ಜೊಳ್ಳೂ. ಎಣಿಸುವ ದಿನ ಹೇಳಿ ಕಳಿಸು, ಕನ್ನಡಕ ಹಾಕಿಕೊಂಡು ನಾನೂ ಬರುತ್ತೇನೆ.