ಕೊನೆಯ ಸೈಕಲ್ಲು ಎಲ್ಲಿದೆ?

ಸೈಕಲ್ ಪ್ರವಾಸಕ್ಕೆ ಮೊದಲ ಸಲ ಹೆಸರು ಕೊಟ್ಟವರು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ. ದಿನಕ್ಕೆ ಎಷ್ಟು ಕಿಲೋಮೀಟರು? ಗಂಟೆಗೆ ಎಷ್ಟು ವೇಗ? ಕೇಳುವುದು ಸಹಜ. ಆದರೆ ಹತ್ತಿಪ್ಪತ್ತು ಜನ ಒಟ್ಟಿಗೆ ಹೊರಟ ದಿನವನ್ನು ನಡೆಸುವುದು ಈ ಎರಡು ಅಂಕಿಗಳಲ್ಲ. ಎಲ್ಲರಿಗಿಂತ ಹಿಂದಿರುವ ಸೈಕಲ್ಲು ಈಗ ಎಲ್ಲಿದೆ, ಅದನ್ನು ತುಳಿಯುತ್ತಿರುವವರು ನೀರು ಕುಡಿದರೇ, ಅವರ ಮುಖ ಹೇಗಿದೆ, ಇವೇ ದಿನದ ಲೆಕ್ಕ. ಇದು ತಲೆಗೆ ಹತ್ತಿದರೆ ಮಿಕ್ಕ ಪಾಠ ಸುಲಭ.

ಬಳ್ಳಾರಿ ಸೀಮೆಯ ನಮ್ಮ ಬಾದನಹಟ್ಟಿಯವರಿಗಾಗಲಿ ಸುತ್ತಲಿನ ಹಳ್ಳಿಯವರಿಗಾಗಲಿ ಸೈಕಲ್ ಹೊಸದಲ್ಲ. ಬುತ್ತಿಗಂಟನ್ನು ಹ್ಯಾಂಡಲಿಗೆ ತೂಗುಹಾಕಿ, ಸಲಿಕೆಯನ್ನು ನಡುಗಂಬಿಗೆ ಕಟ್ಟಿಕೊಂಡು ಗದ್ದೆಗೆ ಹೋದ ಹಿರಿಯರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹೆಣ್ಣುಮಕ್ಕಳೂ ಸಾಲಾಗಿ ಹೈಸ್ಕೂಲಿಗೆ ತುಳಿದುಕೊಂಡು ಹೋಗತೊಡಗಿದರು. ಆ ಸಾಲನ್ನು ಗಮನಿಸಿ ನೋಡಿ. ಒಬ್ಬಳ ಚೈನು ಕಳಚಿದರೆ ಉಳಿದವರೂ ಇಳಿದು ನಿಲ್ಲುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ ಅದು. ದೊಡ್ಡ ಪ್ರವಾಸಗಳಲ್ಲಿ ಹಣ ತೆತ್ತು ಬಂದವರಿಗೆ ಮೊದಲ ದಿನ ಕಲಿಸುವ ಪಾಠ ಇವರಿಗೆ ಆಗಲೇ ಬಂದಿರುತ್ತದೆ.

ದೊಡ್ಡ ಪ್ರವಾಸಗಳ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. 1976ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್‌ನಿಂದ ಪೂರ್ವದ ವರ್ಜೀನಿಯಾವರೆಗೆ ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ ಸೈಕಲ್ ದಾರಿಯೊಂದನ್ನು ಗುರುತಿಸಿ, ಬೈಕ್‌ಸೆಂಟೆನಿಯಲ್ ಎಂಬ ಹೆಸರಿನಲ್ಲಿ ಪ್ರವಾಸ ನಡೆಸಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿ ತುಳಿದರು. ಅಷ್ಟು ಜನರನ್ನು ಒಂದೇ ಮೆರವಣಿಗೆಯಾಗಿ ಬಿಡಲಿಲ್ಲ. ಬಹಳಷ್ಟು ಜನ ಸಣ್ಣ ಸಣ್ಣ ತಂಡಗಳಲ್ಲಿ, ತಂಡಕ್ಕೊಬ್ಬ ಮುಂದಾಳಿನ ಜೊತೆ ಹೊರಟರು. ನಮ್ಮ ದೇಶದಲ್ಲಿ ಸಮಾಜಸೇವಕ ಬಾಬಾ ಆಮ್ಟೆ ಅವರ ಭಾರತ್ ಜೋಡೋ ಯಾತ್ರೆ 1985ರ ಡಿಸೆಂಬರಿನಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದ ಕಡೆಗೆ ಹೊರಟಿತು. ನೂರಕ್ಕೂ ಹೆಚ್ಚು ಯುವಕ ಯುವತಿಯರು ಸೈಕಲ್ ತುಳಿದರು. ಎಪ್ಪತ್ತರ ವಯಸ್ಸಿನ ಬಾಬಾ ಅವರಿಗೆ ಬೆನ್ನುಮೂಳೆಯ ತೊಂದರೆಯಿಂದ ಕೂರಲಾಗುತ್ತಿರಲಿಲ್ಲ, ವಾಹನದಲ್ಲಿ ಮಲಗಿಕೊಂಡೇ ಜೊತೆಗೆ ಬಂದರು. 1988ರಲ್ಲಿ ಮತ್ತೆ ಅರುಣಾಚಲದ ಇಟಾನಗರದಿಂದ ಗುಜರಾತಿನ ಓಖಾಕ್ಕೆ ಹೊರಟರು. ಕರ್ನಾಟಕದಲ್ಲಿ 2008ರಿಂದ ನಡೆದು ಬಂದಿರುವ ಟೂರ್ ಆಫ್ ನೀಲಗಿರೀಸ್ ಇನ್ನೊಂದು ಬಗೆಯದು. ಸುಮಾರು ಎಂಟು ದಿನ, ಕರ್ನಾಟಕ, ಕೇರಳ, ತಮಿಳುನಾಡುಗಳ ಬೆಟ್ಟದ ದಾರಿ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿಯ 36 ತಿರುವುಗಳೆಂದರೆ ನುರಿತವರಿಗೂ ಅಳುಕು. ಅಲ್ಲಿ ಸ್ಪರ್ಧೆಯ ಹಂತಗಳಿದ್ದರೂ ಬಹಳ ಜನ ಬರುವುದು ಜೊತೆಯಲ್ಲಿ ತುಳಿಯುವುದಕ್ಕೇ.

ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತರುವ ಸೈಕ್ಲಿಂಗ್ ಬೇರೆ. ಅದು ರೇಸು, ಅದರ ಮೇಲೆ ನನಗೆ ತುಂಬ ಗೌರವವಿದೆ. ನಾನಿಲ್ಲಿ ಹೇಳುತ್ತಿರುವುದು ಪ್ರವಾಸದ ಮಾತು. ರೇಸಿನಲ್ಲಿ ಹಿಂದುಳಿದವರನ್ನು ಬಿಟ್ಟು ಹೋಗುವುದು ನಿಯಮ, ಪ್ರವಾಸದಲ್ಲಿ ಅದೇ ತಪ್ಪು.

ದೇಶ ದಾಟುವ ಪ್ರವಾಸವೂ ಕೊನೆಗೆ ಒಂದೊಂದು ದಿನದ ಸರಪಳಿ. ಹಾಗಾಗಿ ಒಂದೇ ದಿನವನ್ನು ಬಿಡಿಸಿ ನೋಡೋಣ. ಬಾದನಹಟ್ಟಿಯಿಂದ ಕುರುಗೋಡು, ಅಲ್ಲಿಂದ ಕಂಪ್ಲಿ, ತುಂಗಭದ್ರೆ ದಾಟಿ ಗಂಗಾವತಿ, ಸಂಜೆಗೆ ಆನೆಗುಂದಿ. ಅರವತ್ತು ಕಿಲೋಮೀಟರಿನ ಆಸುಪಾಸು. ಆನೆಗುಂದಿಯಿರುವ ಹಂಪಿ ಸೀಮೆಗೆ ಬಳ್ಳಾರಿ–ಹೊಸಪೇಟೆ ಹೆದ್ದಾರಿಯಿಂದಲೂ ಹೋಗಬಹುದು, ಆದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಲಾರಿಗಳ ನಡುವೆ ಹೊಸಬರನ್ನು ಕರೆದೊಯ್ಯಲು ನಾನು ಒಪ್ಪುವುದಿಲ್ಲ. ಒಳದಾರಿಯಲ್ಲಿ ಗುಂಡಿಗಳು ಹೆಚ್ಚಿದ್ದರೂ ಪರವಾಗಿಲ್ಲ.

ದಿನ ಶುರುವಾಗುವುದು ಹಿಂದಿನ ಸಂಜೆ. ಗಾಳಿ, ಬ್ರೇಕು, ಚೈನಿಗೆ ಎಣ್ಣೆ ನೋಡಿಕೊಳ್ಳುವುದು ಎಲ್ಲರಿಗೂ ಗೊತ್ತು. ಬಹಳ ಜನ ಬಿಡುವುದು ಸೀಟಿನ ಎತ್ತರವನ್ನು. ಊರಲ್ಲಿ ನಾವು ಸೀಟನ್ನು ತಗ್ಗಿಸಿ ಇಟ್ಟುಕೊಳ್ಳುತ್ತೇವೆ, ಕಾಲು ನೆಲಕ್ಕೆ ಸಿಗಲಿ ಎಂದು. ಶಾಲೆಗೆ ಹೋಗಿಬರಲು ಅದು ನಡೆಯುತ್ತದೆ, ಅರವತ್ತು ಕಿಲೋಮೀಟರಿಗೆ ಮೊಣಕಾಲು ಹಿಡಿಯುತ್ತದೆ. ಗೋಡೆಗೆ ಕೈಕೊಟ್ಟು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮೊಣಕಾಲಿನಲ್ಲಿ ಬೇಕಾದಷ್ಟೇ ಬಾಗು ಉಳಿಯುತ್ತದೆ. ಮೊದಲ ಹತ್ತು ನಿಮಿಷ ಎತ್ತರ ಎನ್ನಿಸಿ ಹೆದರಿಕೆಯಾಗುವುದುಂಟು, ಆಮೇಲೆ ಯಾರೂ ಇಳಿಸಿ ಎಂದು ಕೇಳುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಹೊರಡಬೇಕು. ಡಿಸೆಂಬರ್, ಜನವರಿ ನಮ್ಮ ಸೀಮೆಗೆ ಹೇಳಿ ಮಾಡಿಸಿದ ತಿಂಗಳು. ಮಾರ್ಚ್ ಕಳೆದರೆ ಬಳ್ಳಾರಿಯ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ, ಆಗ ಹೊಸಬರನ್ನು ಹೊರಡಿಸುವುದು ಅಪಾಯ. ಜೂನ್, ಜುಲೈನಲ್ಲಿ ಬಿಸಿಲು ಇಳಿದರೂ ಪಡುವಣ ಗಾಳಿ ಏಳುತ್ತದೆ. ಕಂಪ್ಲಿಯ ಕಡೆಗೆ ಹೋಗುವವರಿಗೆ ಅದು ಎದುರುಗಾಳಿ. ನಮ್ಮದು ಬಯಲು, ಏರು ಇಲ್ಲವಲ್ಲ ಎಂದುಕೊಂಡವರಿಗೆ ಆ ಗಾಳಿಯೇ ಏರು.

ಮೊದಲ ಒಂದು ಗಂಟೆ ನಿಧಾನ. ಹೊಸಬರಿಗೆ ಇದನ್ನು ಪಾಲಿಸುವುದು ಬಹಳ ಕಷ್ಟ, ಏಕೆಂದರೆ ಆಗ ಮೈ ಹಗುರ, ಗಾಳಿ ತಂಪು, ಪಕ್ಕದವನು ಮುಂದೆ ಹೋಗುತ್ತಿದ್ದಾನೆ. ಅಲ್ಲಿ ಹುಮ್ಮಸ್ಸಿಗೆ ಬಿದ್ದು ತುಳಿದವರೇ ಮಧ್ಯಾಹ್ನ ಕೊನೆಯವರಾಗುತ್ತಾರೆ. ಮಾತಾಡಿಕೊಂಡು ತುಳಿಯಲು ಉಸಿರು ಸಾಲುತ್ತಿದ್ದರೆ ವೇಗ ಸರಿಯಿದೆ. ಗೇರ್ ಇದ್ದವರು ಹಗುರ ಗೇರಿನಲ್ಲಿ ಬೇಗಬೇಗ ತುಳಿಯಲಿ, ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು ಬೇಡ. ಗೇರಿಲ್ಲದ ಕಪ್ಪು ಸೈಕಲ್ಲಿನವರಿಗೆ ಗಂಟೆಗೆ ಹನ್ನೆರಡು ಕಿಲೋಮೀಟರು ಧಾರಾಳ.

ಕುರುಗೋಡಿನಲ್ಲಿ ತಿಂಡಿ. ದೊಡ್ಡಬಸವೇಶ್ವರನ ಗುಡಿಯ ಏಕಶಿಲೆಯ ಬಸವಣ್ಣನನ್ನು ನೋಡಿಕೊಂಡು, ಊರ ಬೆನ್ನಿಗಿರುವ ಕಲ್ಲುಗುಡ್ಡಗಳನ್ನು ನೋಡಿಕೊಂಡು ಕೂರಿ. ಹನ್ನೆರಡನೆಯ ಶತಮಾನದ ಹೊತ್ತಿಗೆ ಸಿಂದ ಅರಸರು ಆಳಿದ ಊರು ಇದು. ಬಸ್ಸಿನಲ್ಲಿ ಹೋಗುವವರಿಗೆ ಕಿಟಕಿಯಲ್ಲಿ ದಾಟಿಹೋಗುವ ಗುಡ್ಡ, ಸೈಕಲ್ಲಿನವರಿಗೆ ಬಹಳ ಹೊತ್ತು ಕಣ್ಣೆದುರೇ ಇರುತ್ತದೆ. ಮಂಡಕ್ಕಿ ಒಗ್ಗರಣೆ ಸವಾರಿಗೆ ಒಳ್ಳೆಯ ತಿಂಡಿ, ಹಗುರ, ಬೇಗ ಅರಗುತ್ತದೆ. ಮಿರ್ಚಿ ಬಜ್ಜಿ ಒಂದೇ ಸಾಕು. ಎರಡನೆಯದನ್ನು ಸಂಜೆಗೆ ಇಟ್ಟುಕೊಳ್ಳಿ. ಜೇಬಿನಲ್ಲಿ ಬಾಳೆಹಣ್ಣು, ಶೇಂಗಾ ಚಿಕ್ಕಿ ಇರಲಿ, ಹಸಿವಾಗುವ ಮೊದಲೇ ತಿನ್ನಿ. ನೀರೂ ಹಾಗೆಯೇ, ಬಾಯಾರುವ ಮೊದಲು ಗುಟುಕು ಗುಟುಕಾಗಿ, ಗಂಟೆಗೆ ಅರ್ಧ ಲೀಟರಾದರೂ ಹೋಗಬೇಕು. ಬೆವರು ಹೆಚ್ಚಾದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಕಿ ಕೊಡಿ. ಅಳತೆ ಮೀರಿ ಉಪ್ಪು ಹಾಕಬೇಡಿ.

ತಿಂಡಿಯಾದ ಮೇಲೆ ಸಾಲು ಕಟ್ಟುವುದು. ಒಬ್ಬರ ಹಿಂದೆ ಒಬ್ಬರು, ರಸ್ತೆಯ ಎಡಕ್ಕೆ. ಮುಂದಿನವರು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಹಿಂದಿನವರ ಶ್ರಮ ಕಡಿಮೆಯಾಗುತ್ತದೆ; ವೇಗ ಹೆಚ್ಚಿದಷ್ಟೂ, ಹತ್ತಿರ ಇದ್ದಷ್ಟೂ ಈ ಉಳಿತಾಯ ಹೆಚ್ಚು. ಆ ಆಸೆಗೆ ಹೊಸಬರು ಚಕ್ರಕ್ಕೆ ಚಕ್ರ ತಾಗಿಸಿಕೊಂಡು ಹೋಗಬಾರದು, ಒಂದು ಸೈಕಲ್ಲಿನಷ್ಟು ಅಂತರ ಇರಲಿ. ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಬರಲೇಬಾರದು. ಅವರು ಗುಂಡಿ ತಪ್ಪಿಸಲು ಸ್ವಲ್ಪ ಸರಿದರೆ ಬೀಳುವುದು ಅವರಲ್ಲ, ನೀವು. ಮುಂದಿನವರು ಕಂಡದ್ದನ್ನು ಕೂಗಿ ಹೇಳಬೇಕು, ಕೈಯಲ್ಲಿ ತೋರಿಸಬೇಕು, ಅದು ಒಬ್ಬರಿಂದ ಒಬ್ಬರಿಗೆ ಕೊನೆಯವರೆಗೂ ಮುಟ್ಟಬೇಕು. "ಗುಂಡಿ ಐತಿ!" ಎಂದು ಮುಂದಿನಿಂದ ಬಂದರೆ, "ಹಿಂದ್ ಲಾರಿ ಬರಾಕತ್ತೈತ್ರಿ!" ಎಂದು ಹಿಂದಿನಿಂದ ಹೋಗುತ್ತದೆ. ಸುಗ್ಗಿಯ ಕಾಲದಲ್ಲಿ ರಸ್ತೆಯ ಅಂಚಿಗೆ ಭತ್ತ ಹರವಿರುತ್ತಾರೆ, ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳೂ ಇದೇ ಕಾಲದವು.

ಮುಂದೆ ಗಾಳಿಗೆ ಎದೆಕೊಟ್ಟವರನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸಿ. ಸಾಲಿನ ಕಟ್ಟಕಡೆಗೆ ಮಾತ್ರ ಒಬ್ಬರೇ ಇರಲಿ, ದಿನವಿಡೀ. ಪ್ರವಾಸದವರು ಅವರನ್ನು ಸ್ವೀಪ್ ಎನ್ನುತ್ತಾರೆ. ತಂಡದಲ್ಲಿ ಗಟ್ಟಿ ಕಾಲಿನ, ತಾಳ್ಮೆಯ, ರಿಪೇರಿ ಬಲ್ಲ ಸವಾರ ಯಾರೋ ಅವರೇ ಅಲ್ಲಿರಬೇಕು. ಅವರಿಗಿಂತ ಹಿಂದೆ ಯಾರೂ ಇರಬಾರದು, ಎಂಥ ಹೊತ್ತಿನಲ್ಲೂ. ಹೊಸ ತಂಡಗಳು ಬಲವಾದವರನ್ನೆಲ್ಲ ಮುಂದೆ ಬಿಟ್ಟು ಹಿಂದೆ ಯಾರನ್ನೋ ನಿಲ್ಲಿಸುತ್ತವೆ. ಅಲ್ಲಿಂದಲೇ ತಂಡ ಒಡೆಯುತ್ತದೆ. ಕವಲು ದಾರಿ ಬಂದಾಗ ಮುಂದಿನವರು ಒಬ್ಬರನ್ನು ಅಲ್ಲಿ ನಿಲ್ಲಿಸಿ ಹೋಗಲಿ, ಸ್ವೀಪ್ ಬಂದ ಮೇಲೆಯೇ ಅವರು ಅಲ್ಲಿಂದ ಕದಲಲಿ. ಇನ್ನೊಂದು ಮಾತು. ಮುಂದೆ ಹೋಗಿ ಮರದ ನೆರಳಿನಲ್ಲಿ ಕಾದವರು, ಹಿಂದಿನವರು ಬಂದ ತಕ್ಷಣ ಎದ್ದು ಹೊರಡುವುದುಂಟು. ಅವರಿಗೆ ವಿಶ್ರಾಂತಿಯಾಗಿದೆ, ಬಂದವರಿಗೆ ಆಗಿಲ್ಲ. ಕೊನೆಯವರು ಬಂದು, ನೀರು ಕುಡಿದು, ಹತ್ತು ನಿಮಿಷ ಕೂತ ಮೇಲೆಯೇ ಹೊರಡುವ ಮಾತು. "ಸರ್, ಇನ್ನಾ ಎಷ್ಟ್ ದೂರ ಐತ್ರಿ?" ಎಂದು ಕೇಳಿದವರಿಗೆ "ಇಲ್ಲೇ" ಎಂದು ಸಮಾಧಾನ ಹೇಳಬೇಡಿ. ಹದಿನಾಲ್ಕು ಇದ್ದರೆ ಹದಿನಾಲ್ಕು ಎನ್ನಿ. ನಿಜವಾದ ದೂರ ಗೊತ್ತಿದ್ದರೆ ಮನಸ್ಸು ತನ್ನಷ್ಟಕ್ಕೆ ಬಲವನ್ನು ಹಂಚಿಕೊಳ್ಳುತ್ತದೆ.

ಈ ದಾರಿಯಲ್ಲಿ ಪಂಕ್ಚರ್ ಆಗಿಯೇ ಆಗುತ್ತದೆ. ರಸ್ತೆ ಪಕ್ಕಕ್ಕೆಲ್ಲ ಬಳ್ಳಾರಿ ಜಾಲಿ. ಕಡಿದ ಕೊಂಬೆ ಸಾಗಿಸಿದ ಕಡೆಯೆಲ್ಲ ಮುಳ್ಳು. ಟೈರನ್ನು ಒಂದು ಕಡೆಯಿಂದ ಬಿಡಿಸಿ ಟ್ಯೂಬ್ ಎಳೆದು, ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿ. ತೂತಿರುವಲ್ಲಿ ಗಾಳಿ ಚರ್ಮಕ್ಕೆ ತಾಗುತ್ತದೆ. ಆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಅದು ಮಂಕಾಗುವವರೆಗೆ ಕಾದು ಪ್ಯಾಚ್ ಒತ್ತಿ. ಹಸಿಯಿದ್ದಾಗಲೇ ಅಂಟಿಸಿದರೆ ನಿಲ್ಲುವುದಿಲ್ಲ. ಟ್ಯೂಬನ್ನು ಒಳಗೆ ಹಾಕುವ ಮೊದಲು ಟೈರಿನ ಒಳಮೈಯಲ್ಲಿ ಬೆರಳಾಡಿಸಿ, ಮೆಲ್ಲಗೆ, ಪೂರ್ತಿ ಒಂದು ಸುತ್ತು. ಮುಳ್ಳಿನ ಮೊನೆ ಮುರಿದು ಒಳಗೇ ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅದನ್ನು ತೆಗೆಯದೆ ಗಾಳಿ ಹೊಡೆದರೆ ಅರ್ಧ ಕಿಲೋಮೀಟರಿನಲ್ಲಿ ಮತ್ತೆ ಅದೇ ಕೆಲಸ. ಒಬ್ಬರು ರಿಪೇರಿ ಮಾಡುವಾಗ ಹೊಸಬರು ಸುತ್ತ ಕೂತು ನೋಡಲಿ, ಮುಂದಿನ ಪಂಕ್ಚರನ್ನು ಅವರೇ ಹಾಕಲಿ. ಮಳೆ ಬಿದ್ದ ದಿನವಾದರೆ ಎರೆಹೊಲದ ದಾರಿಗೆ ಮಾತ್ರ ಇಳಿಯಬೇಡಿ. ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರ ತಿರುಗುವುದೇ ಇಲ್ಲ, ಸೈಕಲ್ಲನ್ನು ಹೊತ್ತುಕೊಂಡೇ ಬರಬೇಕು.

ಕಂಪ್ಲಿ ಹತ್ತಿರವಾದಂತೆ ಬಾಳೆ, ಕಬ್ಬು, ಗದ್ದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಬರಲು ಶುರುವಾದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎಷ್ಟೋ ಎರೆಹೊಲ ಗದ್ದೆಯಾಯಿತು. ಆದರೆ ಕಂಪ್ಲಿಯಲ್ಲಿ ಬಾಳೆ, ಕಬ್ಬಿನ ಬೇಸಾಯ ವಿಜಯನಗರದ ಕಾಲದ ಕಾಲುವೆಗಳಷ್ಟು ಹಳೆಯದು. ಒಂದೇ ದಿನದ ಸವಾರಿಯಲ್ಲಿ ನೀರಾವರಿಯ ಎರಡು ಕಾಲಗಳನ್ನು ದಾಟುತ್ತೀರಿ. ಮಕ್ಕಳ ಜೊತೆಯಿದ್ದರೆ ದಯವಿಟ್ಟು ಕಾಲುವೆಯ ಬಳಿ ನಿಲ್ಲಿಸಿ ಇದನ್ನು ಹೇಳಿ. ಆದರೆ ಕಾಲುವೆಗೆ ಇಳಿಯಲು ಬಿಡಬೇಡಿ, ನೀರಿನ ಸೆಳೆತ ಮೇಲಿಂದ ಕಾಣುವುದಕ್ಕಿಂತ ಬಲವಾಗಿರುತ್ತದೆ.

ಕಂಪ್ಲಿಯಲ್ಲಿ ಊಟ, ಹನ್ನೆರಡರಿಂದ ಮೂರರವರೆಗೆ ನೆರಳು. ನಿದ್ದೆ ಬಂದರೆ ಮಲಗಲಿ. ಮೂರರ ಮೇಲೆ ಸೇತುವೆ ದಾಟಿ ಗಂಗಾವತಿಯ ದಾರಿ. ಈ ಸೇತುವೆ ತಗ್ಗಿನದು, ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಮುಳುಗಿ ಸಂಚಾರ ನಿಲ್ಲುತ್ತದೆ. ಆ ದಿನಗಳಲ್ಲಿ ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಗಂಗಾವತಿ ದಾಟಿದ ಮೇಲೆ ಬಂಡೆಗುಡ್ಡಗಳ ನಡುವಿನ ರಸ್ತೆ, ಆನೆಗುಂದಿ ಹತ್ತಿರವೇ. ಆಯಾಸದಲ್ಲಿ ಕಣ್ಣು ರಸ್ತೆ ಬಿಟ್ಟು ಗುಡ್ಡದ ಮೇಲೆ ಹೋಗುವ ಹೊತ್ತೂ ಇದೇ. ಆದ್ದರಿಂದ ನಿಂತು ನೋಡಿ, ತುಳಿಯುತ್ತ ನೋಡಬೇಡಿ.

ಮುಟ್ಟಿದ ಕೂಡಲೇ ಮುಂದಿನವರು ಸ್ನಾನಕ್ಕೆ ಓಡಬಾರದು. ಸ್ವೀಪ್ ಬಂದು ತಲೆ ಎಣಿಸಿದ ಮೇಲೆ ದಿನ ಮುಗಿಯಿತು ಎಂದು ಲೆಕ್ಕ. ಆಮೇಲೆ ಚೈನ್ ಒರೆಸಿ, ಟೈರಿಗೆ ಕೈಯಾಡಿಸಿ, ಸಡಿಲವಾದ ನಟ್ಟು ಬಿಗಿದು ಊಟಕ್ಕೆ ಕೂರಿ. ಅನ್ನ, ಬೇಳೆ, ಮೊಸರು ಹೊಟ್ಟೆತುಂಬ. ರಾತ್ರಿ ಮಾತಿಗೆ ಕೂತಾಗ ಆ ದಿನ ಕೊನೆಯಲ್ಲಿ ಬಂದವರನ್ನು ಮೊದಲು ಮಾತಾಡಿಸಿ. ಎಲ್ಲಿ ಸುಸ್ತಾಯಿತು, ಎಲ್ಲಿ ವೇಗ ಹೆಚ್ಚಾಯಿತು, ಮೊಣಕಾಲಿಗೆ ನೋವಿದೆಯೇ. ನಾಳೆಯ ಹೊರಡುವ ಹೊತ್ತು, ನಿಲ್ಲುವ ಜಾಗ ನಿರ್ಧಾರವಾಗುವುದು ಅವರ ಉತ್ತರದಿಂದ. ಕೂತ ಜಾಗ ನೋಯುತ್ತಿದೆ ಎಂದು ಹೇಳಲು ಹುಡುಗಿಯರೂ ಹುಡುಗರೂ ನಾಚುತ್ತಾರೆ. ನೀವೇ ಮೊದಲು ಆ ಮಾತು ತೆಗೆಯಿರಿ. ಅದಕ್ಕೆ ಪರಿಹಾರ ಇಷ್ಟೇ: ಹೊಲಿಗೆ ದಪ್ಪವಿಲ್ಲದ ಒಣ ಬಟ್ಟೆ, ಮಲಗುವ ಮುಂಚೆ ಸ್ವಲ್ಪ ಕೊಬ್ಬರಿ ಎಣ್ಣೆ, ಸೀಟಿನ ಮೂತಿ ಮೇಲೆದ್ದಿದ್ದರೆ ಸಮಮಟ್ಟಕ್ಕೆ ಇಳಿಸುವುದು. ಎರಡನೆಯ ಬೆಳಗ್ಗೆ ಎಲ್ಲರ ತೊಡೆಯೂ ಕಟ್ಟಿಕೊಂಡಿರುತ್ತದೆ, ಮೊದಲ ಐದು ಕಿಲೋಮೀಟರನ್ನು ನಿನ್ನೆಗಿಂತಲೂ ನಿಧಾನವಾಗಿ ತುಳಿಸಿ.