ಅಕ್ಷರದೊಳಗಿನ ಅಂಕೆ: ಇಟ್ಟದ್ದೋ, ಹುಡುಕಿಕೊಂಡದ್ದೋ?

ತರಗತಿ: 8ರಿಂದ 10. ಸಮಯ: ಎರಡು ಪಿರಿಯಡ್. ಬೇಕಾದದ್ದು: ಕಾಗದ, ಪೆನ್ಸಿಲು ಮತ್ತು ಸ್ವಲ್ಪ ತಾಳ್ಮೆ.

"ಇಂಗ್ಲಿಷ್ ಸ್ಪೆಲ್ಲಿಂಗಿಗೆ ಒಂದು 'ಎ' ಸೇರಿಸಿದ್ರೆ ಒಳ್ಳೇದಾಗ್ತದಂತೆ, ಹೌದಾ ಟೀಚರ್?" ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಬರುವುದುಂಟು. "ಅದೆಲ್ಲ ಮೂಢನಂಬಿಕೆ, ಬಿಡಿ" ಎಂದು ಮುಂದೆ ಹೋಗುವುದು ಸುಲಭ. ಆದರೆ ಸಂಗೀತ ಕಲಿಯುವ ಮಗುವೊಂದು, "ರಾಗದ ಹೆಸರಿನಲ್ಲೇ ಅದರ ನಂಬರ್ ಉಂಟಲ್ಲ, ಅದೂ ಸುಳ್ಳಾ?" ಎಂದು ಕೇಳಿದರೆ? ಅದು ಸುಳ್ಳಲ್ಲ. ಹಾಗಾದರೆ ಇವೆರಡರ ನಡುವೆ ವ್ಯತ್ಯಾಸ ಏನು? ಈ ಪಾಠದ ಜೀವ ಇರುವುದು ಅಲ್ಲೇ.

1. ಇಟ್ಟ ಅಂಕೆ

ಮೊದಲು ಕಟಪಯಾದಿ ಪದ್ಧತಿಯನ್ನು ಬೋರ್ಡಿನಲ್ಲಿ ಬರೆಯೋಣ.

1 – ಕ, ಟ, ಪ, ಯ
2 – ಖ, ಠ, ಫ, ರ
3 – ಗ, ಡ, ಬ, ಲ
4 – ಘ, ಢ, ಭ, ವ
5 – ಙ, ಣ, ಮ, ಶ
6 – ಚ, ತ, ಷ
7 – ಛ, ಥ, ಸ
8 – ಜ, ದ, ಹ
9 – ಝ, ಧ, ಳ
0 – ಞ, ನ ಮತ್ತು ಒಂಟಿಯಾಗಿ ಬರುವ ಸ್ವರಗಳು

ಗುಣಿತಾಕ್ಷರದ ಸ್ವರಕ್ಕೆ, ಅನುಸ್ವಾರಕ್ಕೆ ಬೆಲೆ ಇಲ್ಲ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ. ಸಿಕ್ಕಿದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. 'ಕಮಲ' ಎಂದರೆ 1, 5, 3, ತಿರುಗಿಸಿದರೆ 351.

ಇನ್ನು ರಾಗದ ಹೆಸರಿನ ಮೊದಲ ಎರಡು ಅಕ್ಷರ ನೋಡಿ. ಮಾಯಾಮಾಳವಗೌಳ: ಮಾ 5, ಯಾ 1, ಅದು 15ನೇ ಮೇಳ. ಧೀರಶಂಕರಾಭರಣ: ಧೀ 9, ರ 2, ಅದು 29ನೆಯದು. ಮೇಚಕಲ್ಯಾಣಿ: ಮೇ 5, ಚ 6; ಅದು 65ನೆಯದು. ಆಶ್ಚರ್ಯ ಅಲ್ವಾ? ಆದರೆ ಗುಟ್ಟು ಇಷ್ಟೇ: ಶಂಕರಾಭರಣ, ಕಲ್ಯಾಣಿ ಎಂಬ ಹಳೆಯ ಹೆಸರುಗಳ ಮುಂದೆ 'ಧೀರ', 'ಮೇಚ' ಸೇರಿಸಿದ್ದೇ ಸಂಖ್ಯೆ ಸರಿಹೊಂದಲಿ ಎಂದು. 72 ಮೇಳಗಳ ಕ್ರಮ ನೆನಪಿಡಲು ಮನುಷ್ಯರೇ ಮಾಡಿಕೊಂಡ ಉಪಾಯ ಅದು.

ಒಂದು ಎಚ್ಚರಿಕೆ: ಚಕ್ರವಾಕಕ್ಕೆ ಮೇಲಿನ ನಿಯಮ ಹಚ್ಚಿದರೆ 26 ಬರುತ್ತದೆ, ಆದರೆ ಅದು 16ನೇ ಮೇಳ. ಅಲ್ಲಿ 'ಕ್ರ' ಎಂಬಲ್ಲಿ ಮೊದಲಿನ 'ಕ'ಕಾರವನ್ನು ಹಿಡಿದಿದ್ದಾರೆ. ಚುರುಕಾದ ಮಗು ಇದನ್ನು ಕಂಡುಹಿಡಿದರೆ ಮುಚ್ಚಿಡಬೇಡಿ, ಶಭಾಷ್ ಅನ್ನಿ. ಅಪವಾದ ಇದ್ದರೆ ಅದನ್ನು ಬಹಿರಂಗವಾಗಿ ಹೇಳಬೇಕು ಎಂಬುದೂ ಈ ಪಾಠದ ಭಾಗವೇ.

ಕೇರಳದ ಖಗೋಳಜ್ಞರಿಗೆ ಈ ಪದ್ಧತಿ ದಿನನಿತ್ಯದ ಸಾಧನವಾಗಿತ್ತು. ಕಡತ್ತನಾಡಿನ ಶಂಕರವರ್ಮ 19ನೇ ಶತಮಾನದ ಆರಂಭದಲ್ಲಿ ಬರೆದ 'ಸದ್ರತ್ನಮಾಲಾ'ದಲ್ಲಿ ಪೈ ಬೆಲೆಯನ್ನು 17 ದಶಮಾಂಶ ಸ್ಥಾನದವರೆಗೆ ಅಕ್ಷರಗಳಲ್ಲಿ ಇಟ್ಟಿದ್ದಾನೆ. ಅದನ್ನು ಕಾಸರಗೋಡಿನವರು ಬಿಡಿಸಿದರೂ ಸೊಲ್ಲಾಪುರದವರು ಬಿಡಿಸಿದರೂ 3.14159265358979324 ಎಂದೇ ಬರುತ್ತದೆ. ನಿಯಮ ಮೊದಲು, ಪದ ಆಮೇಲೆ. ಯಾರು ಬಿಡಿಸಿದರೂ ಉತ್ತರ ಒಂದೇ.

2. ಹುಡುಕಿಕೊಂಡ ಅಂಕೆ

ಈಗ ನ್ಯೂಮರಾಲಜಿ. (ಕನ್ನಡದಲ್ಲಿ ಇದನ್ನೂ ಸ್ಟ್ಯಾಟಿಸ್ಟಿಕ್ಸನ್ನೂ ಸಂಖ್ಯಾಶಾಸ್ತ್ರ ಎಂದೇ ಕರೆಯುತ್ತೇವೆ, ಮಕ್ಕಳಿಗೆ ವ್ಯತ್ಯಾಸ ಹೇಳಿಬಿಡಿ.) ಇಲ್ಲಿ ಚಾಲ್ತಿಯಲ್ಲಿರುವ ಪಟ್ಟಿಗಳು ಮುಖ್ಯವಾಗಿ ಎರಡು. 'ಪೈಥಾಗೊರಿಯನ್' ಎನ್ನುವುದರಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಸಾಲಾಗಿ 1ರಿಂದ 9, ಮತ್ತೆ 1ರಿಂದ. 'ಕಾಲ್ಡಿಯನ್' ಎನ್ನುವುದರಲ್ಲಿ 1ರಿಂದ 8 ಮಾತ್ರ, ಕ್ರಮವೂ ಬೇರೆ. ಕೂಡಿಸುತ್ತಾ ಹೋಗಿ ಒಂದೇ ಅಂಕೆಗೆ ಇಳಿಸಬೇಕು.

ಮಕ್ಕಳ ಹೆಸರು ಬೇಡ, ಊರಿನ ಹೆಸರನ್ನೇ ತೆಗೆದುಕೊಳ್ಳುವ. ಕಾಸರಗೋಡನ್ನು ಇಂಗ್ಲಿಷಿನಲ್ಲಿ ಎರಡು ರೀತಿ ಬರೆಯುವುದುಂಟು: 'ಎಸ್' ಆದಮೇಲೆ 'ಆರ್', ಆ 'ಆರ್' ಆದಮೇಲೆ 'ಎ' ಇಟ್ಟು ಒಂದು, ಆ 'ಎ' ಬಿಟ್ಟು ಇನ್ನೊಂದು.

ಪೈಥಾಗೊರಿಯನ್, 'ಎ' ಇಟ್ಟು: 32, ಅಂದರೆ 5
ಪೈಥಾಗೊರಿಯನ್, 'ಎ' ಬಿಟ್ಟು: 31, ಅಂದರೆ 4
ಕಾಲ್ಡಿಯನ್, 'ಎ' ಇಟ್ಟು: 24, ಅಂದರೆ 6
ಕಾಲ್ಡಿಯನ್, 'ಎ' ಬಿಟ್ಟು: 23, ಅಂದರೆ 5
ಕಟಪಯಾದಿ, ಅಂಕೆಗಳನ್ನು ಕೂಡಿಸಿ: 1+7+2+3+3 = 16, ಅಂದರೆ 7

ಊರು ಒಂದೇ, ಬೇಕಲದ ಕೋಟೆ ಇದ್ದಲ್ಲೇ ಉಂಟು, ಚಂದ್ರಗಿರಿ ಹೊಳೆ ಹರಿಯುತ್ತಲೇ ಉಂಟು. ಅಂಕೆ ಮಾತ್ರ 4, 5, 6, 7. ಇದರಲ್ಲಿ ಊರಿನ "ನಿಜವಾದ" ಅಂಕೆ ಯಾವುದು? ಅದನ್ನು ತೀರ್ಮಾನಿಸುವ ನಿಯಮ ಎಲ್ಲೂ ಇಲ್ಲ. ಇಷ್ಟವಾದದ್ದನ್ನು ಆರಿಸಿಕೊಳ್ಳಬಹುದು.

ಇಲ್ಲಿ ಗಣಿತಕ್ಕೂ ಜಾಗ ಉಂಟು. ಅಂಕೆಗಳನ್ನು ಕೂಡಿಸಿ ಒಂದಕ್ಕೆ ಇಳಿಸುವುದೆಂದರೆ 9ರಿಂದ ಭಾಗಿಸಿದಾಗ ಬರುವ ಶೇಷವನ್ನು ಕಾಣುವುದು (ಶೇಷ 0 ಆದರೆ 9). ಹಾಗಾಗಿ ಪ್ರಪಂಚದ ಎಲ್ಲ ಹೆಸರುಗಳೂ ಒಂಬತ್ತೇ ಡಬ್ಬಿಗಳಿಗೆ ಬೀಳಲೇಬೇಕು. 1 ಬೆಲೆಯ 'ಎ' ಸೇರಿಸಿದರೆ ಹೆಸರು ಪಕ್ಕದ ಡಬ್ಬಿಗೆ ಹೋಗುತ್ತದೆ, ಅಷ್ಟೇ.

ಹೆಸರು ಒಂದು ನಿರ್ದಿಷ್ಟ ಡಬ್ಬಿಗೆ ಬೀಳುವ ಸಂಭವನೀಯತೆ ಸುಮಾರು 1/9. ಒಂದಕ್ಕೊಂದು ಸಂಬಂಧವಿಲ್ಲದ ಐದು ವಿಧಾನ ಪ್ರಯತ್ನಿಸಿದರೆ ಒಂದರಲ್ಲಾದರೂ ಬೇಕಾದ ಅಂಕೆ ಸಿಗುವ ಸಂಭವನೀಯತೆ 1 – (8/9)⁵, ಅಂದರೆ ಸುಮಾರು ಶೇ. 45. ಹತ್ತು ವಿಧಾನಕ್ಕೆ ಶೇ. 69. ಜನ್ಮದಿನ, ಇನಿಶಿಯಲ್, ಮನೆ ನಂಬರ್ ಎಂದು ಹುಡುಕುತ್ತಾ ಹೋದರೆ "ಹೊಂದಾಣಿಕೆ" ಸಿಗದಿದ್ದರೇ ಆಶ್ಚರ್ಯ.

3. ದೊಡ್ಡ ಮಟ್ಟದ ಒಂದು ಪ್ರಸಂಗ

ಇದು ಕಡಿಮೆ ಓದಿದವರ ಸಮಸ್ಯೆ ಎಂದು ತಿಳಿಯಬೇಡಿ. 1994ರಲ್ಲಿ 'ಸ್ಟ್ಯಾಟಿಸ್ಟಿಕಲ್ ಸೈನ್ಸ್' ಎಂಬ ಗೌರವಾನ್ವಿತ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಹೀಬ್ರೂ ಬೈಬಲಿನ 'ಜೆನೆಸಿಸ್' ಭಾಗದಲ್ಲಿ ಸಮಾನ ಅಂತರದ ಅಕ್ಷರಗಳನ್ನು ಹೆಕ್ಕಿದರೆ, ಎಷ್ಟೋ ಶತಮಾನಗಳ ನಂತರ ಬದುಕಿದ ರಬ್ಬಿಗಳ ಹೆಸರು ಮತ್ತು ತಾರೀಕು ಹತ್ತಿರ ಹತ್ತಿರ ಸಿಗುತ್ತವೆ ಎಂಬುದು ಅದರ ವಾದ. 1997ರಲ್ಲಿ ಮೈಕೆಲ್ ಡ್ರಾಸ್ನಿನ್ ಎಂಬ ಪತ್ರಕರ್ತ ಇದನ್ನೇ ಬೆಳೆಸಿ, ಇಸ್ರೇಲಿನ ಪ್ರಧಾನಿ ರಾಬಿನ್ ಹತ್ಯೆಯ ಸೂಚನೆಯೂ ಅಲ್ಲಿದೆ ಎಂದು ಪುಸ್ತಕ ಬರೆದ.

ಆಸ್ಟ್ರೇಲಿಯಾದ ಗಣಿತಜ್ಞ ಬ್ರೆಂಡನ್ ಮೆಕೇ ಅದೇ ವಿಧಾನದಲ್ಲಿ 'ಮೊಬಿ ಡಿಕ್' ಎಂಬ ತಿಮಿಂಗಿಲದ ಕಾದಂಬರಿಯನ್ನು ಶೋಧಿಸಿದರು. ಅದರಲ್ಲೂ ನಾಯಕರ ಹತ್ಯೆಗಳ "ಭವಿಷ್ಯ" ಸಿಕ್ಕಿತು. ನಮ್ಮ ಇಂದಿರಾ ಗಾಂಧಿಯವರದ್ದೂ! 1999ರಲ್ಲಿ ಅವರು ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ಒಬ್ಬೊಬ್ಬ ರಬ್ಬಿಯ ಹೆಸರನ್ನು ಬರೆಯಲು ಹಲವು ರೂಪಗಳಿವೆ, ಯಾವುದನ್ನು ಆರಿಸಬೇಕೆಂಬ ಸ್ವಾತಂತ್ರ್ಯ ಇದ್ದರೆ 'ಯುದ್ಧ ಮತ್ತು ಶಾಂತಿ'ಯ ಹೀಬ್ರೂ ಅನುವಾದದಲ್ಲೂ ಅಂಥದೇ ಫಲಿತಾಂಶ ತರಿಸಬಹುದು. ಕಾಸರಗೋಡಿನ ಹೆಚ್ಚುವರಿ 'ಎ'ಯ ಕಥೆಯೇ ಇದು.

4. ತರಗತಿ ಚಟುವಟಿಕೆ

ಅ) ಒಂಬತ್ತು ಅಂಕೆಗಳ "ಗುಣ ವಿವರಣೆ"ಗಳನ್ನು ಒಂಬತ್ತು ಚೀಟಿಗಳಲ್ಲಿ ಬರೆಯಿರಿ. ಅಂಕೆ ಬೇಡ; ಕ, ಖ, ಗ ಎಂದು ಗುರುತು ಹಾಕಿ.
ಆ) ಯಾವ ಪಟ್ಟಿ, ಯಾವ ಸ್ಪೆಲ್ಲಿಂಗ್ ಎಂಬುದನ್ನು ಮೊದಲೇ ತೀರ್ಮಾನಿಸಿ ಬೋರ್ಡಿನಲ್ಲಿ ಬರೆಯಿರಿ. ಆಮೇಲೆ ಬದಲಾವಣೆ ಇಲ್ಲ.
ಇ) ಪ್ರತಿಯೊಬ್ಬರೂ ತಮಗೆ ಅತಿ ಹೆಚ್ಚು ಹೊಂದುವ ಒಂದೇ ಚೀಟಿಯನ್ನು ಆರಿಸಿ ಬರೆದುಕೊಡಲಿ.
ಈ) ಎಲ್ಲವೂ ಕೈಗೆ ಬಂದ ಮೇಲಷ್ಟೇ ಲೆಕ್ಕ ಮಾಡಿ ತಾಳೆ ನೋಡಿ.

36 ಮಕ್ಕಳಿದ್ದರೆ ಬರೀ ಆಕಸ್ಮಿಕದಿಂದ ಸುಮಾರು 4 ಮಂದಿಗೆ ಸರಿಹೊಂದಬೇಕು. ಆರೋ ಎರಡೋ ಬಂದರೂ ಗಾಬರಿ ಬೇಡ, ಅಷ್ಟು ಏರುಪೇರು ಸಹಜ. ಇಪ್ಪತ್ತು ಬಂದರೆ ಮಾತ್ರ ಯೋಚಿಸಬೇಕಾದ ವಿಷಯ. ಆಗ ಬೇರೆ ತರಗತಿಯಲ್ಲಿ ಪುನಃ ಮಾಡಿ ನೋಡಿ.

5. ಇಷ್ಟೆಲ್ಲ ಯಾಕೆ?

ನಮ್ಮ ಗಡಿನಾಡಿನ ಮಗುವಿನ ಹೆಸರು ಮೂರು ಲಿಪಿಗಳಲ್ಲಿ ಓಡಾಡುತ್ತದೆ: ಕನ್ನಡ, ಆಯಾ ರಾಜ್ಯದ ಭಾಷೆ, ಇಂಗ್ಲಿಷ್. ಅಡ್ಮಿಶನ್ ರಿಜಿಸ್ಟರಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಸ್ಪೆಲ್ಲಿಂಗ್ ಆದರೆ ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಪಡುವ ಪಾಡು ನಮಗೆಲ್ಲ ಗೊತ್ತು. ಅದೃಷ್ಟಕ್ಕೆಂದು ಸೇರಿಸಿದ ಒಂದು ಅಕ್ಷರ ಇದನ್ನು ಇನ್ನಷ್ಟು ಸಿಕ್ಕಾಗಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಉಂಟು. "ನನ್ನ ನಂಬರ್ ನಾಲ್ಕು ಟೀಚರ್, ನನಗೆ ಲೆಕ್ಕ ತಲೆಗೆ ಹೋಗುವುದಿಲ್ಲ" ಎಂದು ಒಬ್ಬ ಹುಡುಗಿ ನನ್ನಲ್ಲಿ ಹೇಳಿದ್ದಳು. ಲೆಕ್ಕ ಮಾಡಿ ನೋಡುವ ಮೊದಲೇ ಅವಳು ಸೋಲು ಒಪ್ಪಿಯಾಗಿತ್ತು.

ಹೆತ್ತವರನ್ನು ಗೇಲಿ ಮಾಡುವುದು ಬೇಡ; ಮಗುವಿಗೆ ಒಳ್ಳೆಯದಾಗಲಿ ಎಂಬ ಆಸೆಯಿಂದಲೇ ಅವರು ಕೇಳುವುದು. ಮಕ್ಕಳಿಗೆ ಮೂರು ಪ್ರಶ್ನೆ ಕಲಿಸಿದರೆ ಸಾಕು: ನಿಯಮವನ್ನು ಉತ್ತರಕ್ಕಿಂತ ಮೊದಲು ಹೇಳಿದ್ದಾರಾ? ಬೇರೆಯವರು ಮಾಡಿದರೂ ಅದೇ ಉತ್ತರ ಬರುತ್ತದಾ? ತಪ್ಪಿದ ಉದಾಹರಣೆಗಳನ್ನೂ ಎಣಿಸಿದ್ದಾರಾ? ಮೇಚಕಲ್ಯಾಣಿಯಾಗಲಿ, ಪೇಪರಿನ ಭವಿಷ್ಯವಾಗಲಿ, ಎಲ್ಲಕ್ಕೂ ಇದೇ ಮೂರು ಪ್ರಶ್ನೆ.